ಪೆಟ್ಟಿಗೆ ಕಳೆದು

ಕಾಜುಬಾಗದ ಸೋಡಾ ಅಂಗಡಿಯ ಮಾಳಿಗೆಯಲ್ಲಿ
ಹನ್ನೊಂದು ವರ್ಷದಿಂದ ಟಿಕೆಟ್ಟು ಮಾಡಿಕೊಡುತ್ತೇನೆ.
ಮಸ್ಕತ್ತಿಗೆ ಮೂರು ತಾಸು, ದೋಹಾಕ್ಕೆ ನಾಲ್ಕು,
ಮಗ್ಗಿಯ ಹಾಗೆ ಬಾಯಿಪಾಠ.
ನಾನು ಮಾತ್ರ ವಿಮಾನ ಹತ್ತಿದವಳಲ್ಲ.
ಗೋಡೆಗೆ ಜಗತ್ತಿನ ನಕ್ಷೆ ಇದೆ; ಗೆದ್ದಲು ಹತ್ತಿ
ದಕ್ಷಿಣ ಅಮೆರಿಕದ ಬಾಲ
ಅರ್ಧ ಹೋಗಿದೆ.

ಗುರುವಾರ ಮಧ್ಯಾಹ್ನ ಬುದವಂತಿ ಹರಿಕಂತ್ರ ಬಂದಳು,
ಬುಟ್ಟಿಯನ್ನು ಮೆಟ್ಟಿಲ ಕೆಳಗೇ ಇಟ್ಟು.
(ವಾಸನೆ ಬರುತ್ತದೆಂದು ನಾನು ಹೇಳಿರಲಿಲ್ಲ.)
"ಮಾಂಟೆವಿಡಿಯೋ ಅಂತ ಒಂದು ಊರು," ಅಂದಳು,
ಮುಳ್ಳು ಬಿಡಿಸಿದಂತೆ ಹೆಸರನ್ನು ಬಿಡಿಸಿ ಬಿಡಿಸಿ.
"ಅಲ್ಲಿಂದ ದಾಬೋಳಿಗೆ ಎಷ್ಟು ದೂರ?"

ನೇರ ಗೆರೆ ಎಳೆದರೆ
ಹದಿನಾಲ್ಕು ಸಾವಿರದ ಆರುನೂರು ಕಿಲೋಮೀಟರು.
ನೇರ ವಿಮಾನವಿಲ್ಲ.
ಸಾವೊ ಪಾವ್ಲೊಕ್ಕೆ ಎರಡೂವರೆ ತಾಸು, ದುಬೈಗೆ ಹದಿನಾಲ್ಕೂವರೆ,
ನಡುನಡುವೆ ಕಾಯುವುದು ಬೇರೆ; ಎಲ್ಲ ಸೇರಿ ಮೂವತ್ತೊಂದು.
"ನಮ್ಮ ದೋಣಿಗಾದರೆ ನಲವತ್ತು ದಿನ," ಅಂದಳು.
"ಟಿಕೆಟ್ಟು ಯಾರಿಗೆ?"
"ಟಿಕೆಟ್ಟಲ್ಲ ಬಾಯಿ. ನನ್ನ ತಮ್ಮ, ಜೈವಂತ.
ಹಡಗಿನಲ್ಲಿ ಅಡುಗೆಗೆ ಇದ್ದ.
ಕಂಪನಿಯವರೇ ಕಳಿಸಿಕೊಡ್ತಾರಂತೆ.
ಮೂವತ್ತೊಂದು ತಾಸಿಗೆ
ಎಷ್ಟು ಐಸು ಹಾಕ್ತಾರೆ ಅವರು?"

ಬೈತಖೋಲದ ದಕ್ಕೆಯಲ್ಲಿ ಹೊತ್ತು ಅಳೆಯುವುದೇ ಹಾಗೆ.
ಬಂಗಡೆಗೆ ಸಮಕ್ಕೆ ಸಮ, ಬೇಸಗೆಯಲ್ಲಿ ಒಂದೂವರೆ ಪಾಲು.
ತಾರ್ಲೆ ಕಾಯುವುದಿಲ್ಲ. ಇಸವಣ ಒಂದು ರಾತ್ರಿ ತಾಳುತ್ತದೆ.
ಹುಬ್ಬಳ್ಳಿಯ ಲಾರಿಗೆ ಒಂದು ಪದರ, ಕೊಲ್ಹಾಪುರಕ್ಕೆ ಮೂರು.
ಅದಕ್ಕಿಂತ ದೂರ ಅವಳ ಮೀನು ಹೋಗಿಲ್ಲ.

ಆಮೇಲೆ ಗಂಟೆ ಕೇಳಿದಳು.
ನಮಗಿಂತ ಎಂಟೂವರೆ ತಾಸು ಹಿಂದೆ ಅವರು, ಅಂದೆ.
ಹೋದದ್ದು ಮಂಗಳವಾರ ರಾತ್ರಿ ಹನ್ನೊಂದಕ್ಕಂತೆ.
ಬೆರಳು ಮಡಚಿದಳು. ಬಿಚ್ಚಿ, ಮತ್ತೊಮ್ಮೆ ಮಡಚಿದಳು.
"ಹಾಗಾದರೆ ಇಲ್ಲಿ ಬುಧವಾರ, ಬೆಳಿಗ್ಗೆ ಏಳೂವರೆ.
ಸವಾಲು ನಡೀತಿತ್ತು.
ಒಂದು ಬುಟ್ಟಿ ಸೀಗಡಿಗೆ, ಐವತ್ತು ರೂಪಾಯಿ ಹೆಚ್ಚುಕಮ್ಮಿಗೆ
ಕೃಷ್ಣಾಬಾಯಿಯ ಹತ್ತಿರ ಬಡಿದಾಡ್ತಿದ್ದೆ.
ಗೆದ್ದೆ."

ಊರು ತೋರಿಸು, ಅಂದಳು.
ಗೆದ್ದಲು ತಿಂದಲ್ಲಿ ಬೆರಳಿಟ್ಟೆ:
ಇಲ್ಲೇ ಎಲ್ಲೋ.

ಹನ್ನೆರಡನೆಯ ದಿನ ಫೋನು ಬಂತು.
ಕಾಗದ ಓದಲು ಬೇಕೆಂದು ನನ್ನನ್ನೂ ಕರೆದಳು.
ಕಾಳಿ ದಾಟಿ, ಮಾಜಾಳಿಯ ನಾಕೆ ದಾಟಿ,
ಕಾಣಕೋಣದ ಘಟ್ಟ ಹತ್ತಿ ಇಳಿದು.
ಟೆಂಪೋದ ಹಿಂದೆ, ಉಮಿಯಲ್ಲಿ ಹುಗಿದು ಗೋಣಿ ಸುತ್ತಿದ
ಎರಡು ಗಡ್ಡೆ ಐಸು.
ಬೇಡ, ಅಂದಿದ್ದೆ. ಕೇಳಲಿಲ್ಲ.
ಕಾರವಾರದಿಂದ ಮಡಗಾವಿನವರೆಗೆ
ನಮ್ಮ ಬೆನ್ನಿಗೊಂದು ಒದ್ದೆ ಗೆರೆ ಬರುತ್ತಿತ್ತು,
ಬರುತ್ತಾ ಬರುತ್ತಾ ಆರುತ್ತಿತ್ತು.

ವಿಮಾನ ನಿಲ್ದಾಣವನ್ನು ನಾನು ಮೊದಲು ನೋಡಿದ್ದು
ಹಿಂಬದಿಯಿಂದ.
ತಗಡಿನ ಶೆಡ್ಡು. ತಳ್ಳುಗಾಡಿ. ಯಾರದೋ ಫ್ರಿಜ್ಜು.
ನೆರಳು ಹುಡುಕಿ ಮಲಗಿದ ನಾಯಿ.
ಗುಮಾಸ್ತ ಓದಿದ:
ಒಟ್ಟು ತೂಕ ನೂರಾ ಹದಿನೆಂಟು ಕಿಲೋ.

ಬುದವಂತಿ ಸೆರಗು ಬಿಗಿದಳು. ಅಷ್ಟು ದಿನ ಇಲ್ಲದ
ದಕ್ಕೆಯ ದನಿ ಬಂತು ಅವಳಿಗೆ:
"ನಮ್ಮವ ಐವತ್ತೆಂಟು ಇದ್ದ.
ಪೆಟ್ಟಿಗೆ ಕಳೆದು ಹೇಳಿ."

ಗುಮಾಸ್ತ ಪೆನ್ನು ಕೆಳಗಿಟ್ಟ.
ಅವನ ಕಾಗದದಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

ಒಳಗೆ ಸತುವಿನ ತಗಡು, ಬೆಸುಗೆ ಹಾಕಿ ಮುಚ್ಚಿದ್ದು.
ಐಸು ಬೇಕಾಗಲಿಲ್ಲ.

ಮರಳುವಾಗ ಮಾಜಾಳಿಯಲ್ಲಿ ಗಾಡಿ ನಿಲ್ಲಿಸು, ಅಂದಳು.
ರಸ್ತೆಯ ಬದಿಗೆ, ಬ್ಯಾಟರಿ ದೀಪದಡಿ,
ಇಬ್ಬರು ಹೆಂಗಸರು ಸಂಜೆಯ ಮೀನು ಹರವಿ ಕೂತಿದ್ದರು.
ಉಮಿ ಕೊಡವಿ, ಉಳಿದಷ್ಟನ್ನು ಕಲ್ಲಿನಿಂದ ಕುಟ್ಟಿ
ಅವರ ಬುಟ್ಟಿಗೆ ಸುರಿದಳು.
ಯಾರದು, ಎಂತಕ್ಕೆ, ಎಂದು ಅವರು
ಟೆಂಪೋದ ಕಡೆ ನೋಡುತ್ತಾ ಕೇಳಿದರು.
"ಹೆಚ್ಚಾಗಿತ್ತು," ಅಂದಳು ಬುದವಂತಿ.
"ಹತ್ತು ಗಂಟೆಯವರೆಗೆ ತಾಳುತ್ತದೆ."